ಗೋಧಿ ತುಕ್ಕು: ರೋಗ ತಡೆದ ತಳಿಯೋ, ತಪ್ಪಿಸಿಕೊಂಡ ತಳಿಯೋ?

ಮೂರು ವರ್ಷದ ಹಿಂದೆ ಹಿಂಗಾರಿಗೆ ಎರಡು ಎಕರೆಯಲ್ಲಿ ನೀರಾವರಿ ಗೋಧಿ ಬಿತ್ತಿದ್ದೆ. ಬೀಜ ಕೊಟ್ಟವರು "ಇದಕ್ಕ ತಾಂಬೇರಾ ಬರೂದಿಲ್ರೀ, ಹೋದ ವರ್ಷ ಒಂದು ಎಲಿ ಸುದ್ದಾ ಕೆಟ್ಟಿಲ್ಲ" ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಹೊಲ ನಾನೇ ನೋಡಿದ್ದೆ. ಆದರೆ ನನ್ನ ಹೊಲದಲ್ಲಿ ಜನವರಿಗೆ, ಕಾಳು ಹಾಲುಗಟ್ಟುವ ಹೊತ್ತಿಗೆ, ನೀರು ಹಾಯಿಸಿ ಹೊರಬಂದರೆ ಧೋತರಕ್ಕೆಲ್ಲ ಕಂದು ಪುಡಿ. ದಾರಿಯಲ್ಲಿ ಸಿಕ್ಕ ದೊಡ್ಡಪ್ಪ "ಯಾಕೋ ತಮ್ಮಾ, ಯಲ್ಲಮ್ಮನ ಗುಡ್ಡಕ್ಕ ಹೋಗಿ ಭಂಡಾರ ಆಡಿ ಬಂದಿಯೇನು?" ಅಂತ ನಕ್ಕ. ನನಗೆ ನಗು ಬರಲಿಲ್ಲ. ಇಪ್ಪತ್ತನಾಲ್ಕು ಕ್ವಿಂಟಲ್ ಎಣಿಸಿದ್ದೆ, ಕಣದಲ್ಲಿ ಅಳೆದದ್ದು ಹದಿನಾಲ್ಕು. ಕಾಳು ಸೊರಗಿದ್ದರಿಂದ ದರದಲ್ಲೂ ಪೆಟ್ಟು.

ತಪ್ಪು ಎಲ್ಲಿ ಅಂತ ಆಮೇಲೆ ತಿಳಿಯಿತು. ಅವರು ಬೆಳೆದ ವರ್ಷ ಒಣ ಹವೆ. ಇಬ್ಬನಿ ಬೀಳಲಿಲ್ಲ, ಯಾರ ಹೊಲಕ್ಕೂ ತುಕ್ಕು ಬರಲಿಲ್ಲ. ಆ ತಳಿ ರೋಗವನ್ನು ತಡೆದಿರಲಿಲ್ಲ, ರೋಗಕ್ಕೆ ಸಿಕ್ಕಿರಲಿಲ್ಲ ಅಷ್ಟೆ.

ನಮ್ಮ ಕಡೆ ಎರಡು ಬಗೆಯ ತುಕ್ಕು ಮುಖ್ಯ. ಎಲೆಯ ಮೇಲೆ ಚದುರಿದ ದುಂಡನೆಯ ಕಿತ್ತಳೆ-ಕಂದು ಗುಳ್ಳೆ ಇದ್ದರೆ ಎಲೆ ತುಕ್ಕು. ಕಾಂಡ ಮತ್ತು ಎಲೆಯ ಒರೆ ಮೇಲೆ ಉದ್ದನೆಯ ಗುಳ್ಳೆ, ಸಿಪ್ಪೆ ಹರಿದಂತೆ ಇದ್ದು ಕೊನೆಗೆ ಕಪ್ಪಾದರೆ ಕಾಂಡ ತುಕ್ಕು. ಹಳದಿ ತುಕ್ಕಿಗೆ ಚಳಿ ಬೇಕು, ಅದು ಉತ್ತರ ಭಾರತದವರ ತಲೆನೋವು. ಬೇಸಿಗೆಯಲ್ಲಿ ನಮ್ಮ ಬಯಲಲ್ಲಿ ಈ ಬೂಷ್ಟು ಬದುಕುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದು ಗಾಳಿ-ಮಳೆಯ ಜೊತೆ ಮತ್ತೆ ಇಳಿದು ಬರುತ್ತದೆ. ಇದನ್ನು ಬೆನ್ನುಹತ್ತಿ ತೋರಿಸಿದವರು ಆಗ್ರಾದ ಕೆ.ಸಿ. ಮೆಹ್ತಾ. ಅದಕ್ಕೇ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮಹಾಬಳೇಶ್ವರದಲ್ಲಿ ಗೋಧಿಯ ತುಕ್ಕು ಪರೀಕ್ಷಿಸುವ ಕೇಂದ್ರಗಳಿವೆ.

ಅಂಥ ಕಡೆ ತಳಿಗಳನ್ನು ಸುಮ್ಮನೆ ಬಿತ್ತಿ ಕಾಯುವುದಿಲ್ಲ. ರೋಗವನ್ನು ಕರೆದೇ ತರುತ್ತಾರೆ. ಪ್ರತಿ ತಳಿಗೆ ಒಂದೆರಡು ಚಿಕ್ಕ ಸಾಲು, ನಡುನಡುವೆ ಮತ್ತು ಸುತ್ತಲೂ ಬೇಗ ರೋಗ ಹಿಡಿಯುವ ತಳಿಗಳ ಸಾಲು. ಸಂಜೆ ಹೊತ್ತು ತುಕ್ಕಿನ ಪುಡಿ ಬೆರೆಸಿದ ನೀರನ್ನು ಆ ಸಾಲುಗಳಿಗೆ ಸಿಂಪಡಿಸಿ, ರಾತ್ರಿ ಎಲೆ ತೇವ ಇರುವಂತೆ ನೋಡಿಕೊಳ್ಳುತ್ತಾರೆ.

ನಾನು ಪುಡಿ ಸಿಂಪಡಿಸುವ ಗೋಜಿಗೆ ಹೋಗಲಿಲ್ಲ. ನೀವೂ ಹೋಗಬೇಡಿ, ಪಕ್ಕದವರ ಹೊಲವೂ ಇದೆಯಲ್ಲ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ತಳಿ, ಒಂದೊಂದಕ್ಕೆ ಮೂರು ಸಾಲು ಹಾಕಿದೆ. ಎರಡು ತಳಿಗಳ ನಡುವೆ ಒಂದು ಸಾಲು ಲೋಕ್-1. ಅದು ತುಕ್ಕಿಗೆ ಬೇಗ ಬೀಳುವ ತಳಿ, ನಮಗೆ ಅದೇ ಸಾಕ್ಷಿ. ಲೋಕ್-1ಕ್ಕೆ ರೋಗ ಬಂದರೆ ಮಾತ್ರ ಆ ವರ್ಷದ ಪರೀಕ್ಷೆ ಪರೀಕ್ಷೆ. ಅದೂ ಹಸಿರಾಗಿದ್ದರೆ ಯಾವ ತಳಿಯನ್ನೂ ಹೊಗಳುವಂತಿಲ್ಲ. ಮೊದಲ ವರ್ಷ ನನಗೆ ಹಾಗೇ ಆಯಿತು. ಎರಡನೇ ವರ್ಷ ಹದಿನೈದು ದಿನ ತಡ ಮಾಡಿ ಬಿತ್ತಿದೆ. ತಡವಾದ ಗೋಧಿಗೆ ತುಕ್ಕು ಹೆಚ್ಚು, ಪರೀಕ್ಷೆಗೆ ಅದೇ ಬೇಕು.

ಗುರುತು ಹಾಕುವ ಕ್ರಮ ನೋಡಿ. ಒಂದು ಅಂಕೆ, ಒಂದು ಅಕ್ಷರ. ಅಂಕೆ ಎಂದರೆ ಗುಳ್ಳೆ ಎಷ್ಟು ಹರಡಿದೆ ಎಂಬುದು, ಸೊನ್ನೆಯಿಂದ 100ರವರೆಗೆ. (100 ಅಂದ್ರೆ ಎಲೆಯೆಲ್ಲ ಗುಳ್ಳೆ ಅಲ್ಲ, ಸುಮಾರು ಶೇ. 37 ಭಾಗ ಮುಚ್ಚಿದರೆ ಅದೇ 100.) ಅಕ್ಷರ ಗುಳ್ಳೆಯ ಸ್ವಭಾವ ಹೇಳುತ್ತದೆ. ದೊಡ್ಡ ಗುಳ್ಳೆ, ಸುತ್ತ ಎಲೆ ಹಸಿರೇ ಇದ್ದರೆ 'ಎಸ್', ಗಿಡ ಸೋತಿದೆ. ಗುಳ್ಳೆ ಸಣ್ಣದು, ಸುತ್ತ ಹಳದಿ ಅಥವಾ ಸತ್ತ ಚುಕ್ಕೆ ಇದ್ದರೆ 'ಎಂಆರ್', ಗಿಡ ಕಾದಾಡುತ್ತಿದೆ. ಎಸ್‌ಗೆ 1, ಎಂಆರ್‌ಗೆ 0.4ರಿಂದ ಗುಣಿಸಬೇಕು. ಹಾಗಾಗಿ 40 ಎಸ್ ಅಂದರೆ 40, ಆದರೆ 40 ಎಂಆರ್ ಅಂದರೆ 16 ಮಾತ್ರ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ! ಕೈಯಲ್ಲೊಂದು ಭೂತಗನ್ನಡಿ ಇರಲಿ.

ಒಮ್ಮೆ ನೋಡಿದರೆ ಸಾಲದು. ತೆನೆ ಹಾಯ್ದ ಮೇಲೆ ವಾರಕ್ಕೊಮ್ಮೆ, ಅದೇ ಗಿಡಗಳ ತೆನೆ ಬುಡದ ಎಲೆ ನೋಡಿ ಬರೆದಿಡಬೇಕು. ನನ್ನ ಒಂದು ತಳಿಯಲ್ಲಿ ಗುಳ್ಳೆ ಕಂಡ ದಿನವೇ ಕಿತ್ತೊಗೆಯಬೇಕು ಅನಿಸಿತ್ತು. ನಾಲ್ಕು ವಾರವಾದರೂ ಅದು 20 ದಾಟಲಿಲ್ಲ, ಪಕ್ಕದ ಲೋಕ್-1 ಅಷ್ಟರಲ್ಲಿ 80. ಕಾಳು ತುಂಬಿಕೊಂಡಿತು. ಇಂಥವಕ್ಕೆ ನಿಧಾನ ತುಕ್ಕಿನ ತಳಿ ಅನ್ನುತ್ತಾರೆ. ಒಂದೂ ಗುಳ್ಳೆ ಇಲ್ಲದ ತಳಿಗಿಂತ ಇವು ಹೆಚ್ಚು ವರ್ಷ ಬಾಳುವುದುಂಟು. ಪೂರಾ ತಡೆಯುವ ತಳಿಯಲ್ಲಿ ಬಹಳ ಸಲ ಒಂದೇ ದೊಡ್ಡ ಗುಣ ಕೆಲಸ ಮಾಡುತ್ತಿರುತ್ತದೆ, ಬೂಷ್ಟು ವೇಷ ಬದಲಿಸಿದರೆ ಅದು ಕುಸಿಯುತ್ತದೆ. ಜಗತ್ತಿನ ಎಷ್ಟೋ ತಳಿಗಳನ್ನು ಕಾದಿದ್ದ ಎಸ್‌ಆರ್ 31 ಎಂಬ ಗುಣ 1998ರಲ್ಲಿ ಉಗಾಂಡಾದಲ್ಲಿ ಕಂಡ ಕಾಂಡ ತುಕ್ಕಿನ ಮುಂದೆ ಹೀಗೇ ಸೋತಿತು.

ನಾಲ್ಕನೆಯ ತಳಿ ನಮ್ಮ ಜವೆ ಗೋಧಿ, ಅಂದರೆ ಕಪ್ಲಿ. 1922ರಲ್ಲಿ ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವೈನ್ ಕಾಂಡ ತುಕ್ಕಿನ ಬಗೆಗಳನ್ನು ಗುರುತಿಸಲು ಆರಿಸಿದ 12 ಗೋಧಿಗಳಲ್ಲಿ ಕಪ್ಲಿಯೂ ಒಂದು. ಅವ್ವ ಮಾದಲಿಗೆ ಅಂತ ಬದುವಿನ ಪಕ್ಕ ಹಾಕಿಸುತ್ತಿದ್ದ ಗೋಧಿಗೆ ಇಷ್ಟು ದೊಡ್ಡ ಹೆಸರಿದೆ ಅಂತ ನನಗೆ ಗೊತ್ತಿರಲಿಲ್ಲ. ಸಿಪ್ಪೆ ಬಿಡಿಸುವ ಕಷ್ಟ ಇದ್ದೇ ಇದೆ. ಗಿಡ್ಡ ಕಪ್ಲಿ ಬೇಕಾದವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ಇವೆ.

ಉಳಿದ ತಳಿಗಳ ಹೆಸರು ಬೇಕೆಂದೇ ಬರೆದಿಲ್ಲ. ಒಂದೇ ಹೊಲ, ರೋಗ ಬಂದದ್ದು ಒಂದೇ ವರ್ಷ. ಬಂದ ಹಿಂಗಾರಿಗೂ ಅದೇ ಮೂಲೆಯಲ್ಲಿ ಅದೇ ಸಾಲು ಹಾಕುತ್ತೇನೆ, ಲೋಕ್-1 ಸಮೇತ. ಗುರುತು ಹಾಕಿದ ಕೂಡಲೇ ಲೋಕ್-1 ಸಾಲನ್ನು ಕೊಯ್ದು ಎತ್ತುಗಳ ಮುಂದೆ ಹಾಕಿಬಿಡುವುದು.