ಪ್ರಾಜೆಕ್ಟಿಗೂ ಮೊದಲು ಒಂದು ನೋಟ್‌ಬುಕ್ಕು



ವಿಜ್ಞಾನ ಮೇಳ ಹತ್ತಿರ ಬಂತೆಂದರೆ ನಮ್ಮ ಶಾಲೆಗಳಲ್ಲಿ ಗಡಿಬಿಡಿ ಶುರು. ಚಾರ್ಟು, ಸ್ಕೆಚ್ ಪೆನ್ನು, ರಟ್ಟು ಎಲ್ಲಾ ತಯಾರು. ಕೊನೆಗೆ ಟೀಚರು ಕೇಳುತ್ತಾರೆ, “ಅಳತೆಗಳನ್ನು ಎಲ್ಲಿ ಬರೆದಿಟ್ಟಿದ್ದೀರಿ?” ಆಗ ಒಬ್ಬನ ಪುಸ್ತಕದ ಕೊನೆಯ ಪುಟ, ಇನ್ನೊಬ್ಬಳ ನೆನಪು, ಮತ್ತೊಬ್ಬನ ಅಂದಾಜು ಇಷ್ಟನ್ನು ಸೇರಿಸಿ ಕೋಷ್ಟಕ ಮಾಡುತ್ತೀರಿ. ಇಂಥ ಕೋಷ್ಟಕದ ಅಂಕಿಗಳು ಬಹಳ ಚಂದ ಇರುತ್ತವೆ: 12, 11, 10, 9, 8. ನಿಜವಾಗಿ ಅಳೆದ ಅಂಕಿಗಳು ಅಸೆಂಬ್ಲಿಯಲ್ಲಿ ನಿಂತ ಹಾಗೆ ಸಾಲಾಗಿ ನಿಲ್ಲುವುದಿಲ್ಲ. ನೋಡಿದವರಿಗೆ ಅದು ಗೊತ್ತಾಗಿಯೇ ಆಗುತ್ತದೆ.

ಒಂದು ಉದಾಹರಣೆಯನ್ನು ಹಿಡಿದೇ ಮಾತಾಡೋಣ. ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ನುಸುಳುವಷ್ಟು ಅಗಲ. ಒಳಗೆ ಒಸರುವ ನೀರು ಪಂಪು, ಕರೆಂಟು ಏನೂ ಇಲ್ಲದೆ ತಾನಾಗಿ ಹರಿದು ಹೊರಗಿನ ಕೆರೆಗೋ ಟ್ಯಾಂಕಿಗೋ ಬೀಳುತ್ತದೆ. ಮಳೆ ನಿಂತ ಮೇಲೆ ಈ ನೀರು ಹೇಗೆ ಕಡಿಮೆಯಾಗುತ್ತಾ ಹೋಗುತ್ತದೆ? ಪ್ರಶ್ನೆ ಸಣ್ಣದು, ಆದರೆ ಉತ್ತರ ಯಾವ ಗೈಡಿನಲ್ಲೂ ಇಲ್ಲ. ನಿಮ್ಮ ಮನೆಯ ಸುರಂಗದ ಉತ್ತರವನ್ನು ನೀವೇ ಅಳೆದು ತಿಳಿಯಬೇಕು.

ಸಾಮಾನು ಹೆಚ್ಚೇನೂ ಬೇಡ. 10 ಲೀಟರಿನ ಬಕೆಟು, ಸೆಕೆಂಡು ತೋರಿಸುವ ವಾಚು, ಒಂದು ನೋಟ್‌ಬುಕ್ಕು. ನೀರು ಬೀಳುವ ದಂಬೆಯ ಅಥವಾ ಪೈಪಿನ ಕೆಳಗೆ ಬಕೆಟು ಇಡಿ. ತುಂಬಲು 50 ಸೆಕೆಂಡು ಬೇಕಾದರೆ ನಿಮಿಷಕ್ಕೆ 12 ಲೀಟರು. ಕೆಲವು ವಾರ ಕಳೆದು 75 ಸೆಕೆಂಡು ಆದರೆ ನಿಮಿಷಕ್ಕೆ 8 ಲೀಟರು. ಪ್ರತಿ ಸಲವೂ ಮೂರು ಸಾರಿ ಅಳೆಯಿರಿ. ಹೀಗೆ ಅಳೆಯುವಾಗ 49, 51, 71 ಅಂತ ಬಂತು ಎನ್ನಿ. ಆ 71ನ್ನು ಏನು ಮಾಡುತ್ತೀರಿ?

ಹೆಚ್ಚಿನವರು ರಬ್ಬರಿನಲ್ಲಿ ಉಜ್ಜಿ 50 ಅಂತ ಬರೀತಾರೆ. ದಯವಿಟ್ಟು ಹಾಗೆ ಮಾಡಬೇಡಿ. 71ನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಕಾರಣ ಹುಡುಕಿ ಬರೆಯಿರಿ. ದಂಬೆಯಲ್ಲಿ ಸೋಗೆಯ ಚೂರು ಸಿಕ್ಕಿತ್ತೇ? ಬಕೆಟು ವಾಲಿತ್ತೇ? ಕಾರಣ ಸಿಗದಿದ್ದರೆ “ಕಾರಣ ತಿಳಿಯಲಿಲ್ಲ, ಮತ್ತೆ ಅಳೆದೆವು” ಅಂತ ಬರೆದರೂ ಆಯಿತು. ಆ ಮಾತಿಗೆ ಮಾರ್ಕು ಕಳೆಯುವ ತೀರ್ಪುಗಾರರಿದ್ದರೆ, ನನ್ನ ಮಟ್ಟಿಗೆ ತಪ್ಪು ಅವರದ್ದು.

ಅಳಿಸದೆ ಬರೆದಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಮೈಕೆಲ್ ಫ್ಯಾರಡೆಯನ್ನು ನೋಡಿ. ಲಂಡನ್ನಿನ ಒಬ್ಬ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಚಿತ್ರ ಸಮೇತ ಚೊಕ್ಕವಾಗಿ ಬರೆದು, ತಾನೇ ರಟ್ಟು ಹಾಕಿ ಡೇವಿಗೆ ಕಳಿಸಿದ. ಮರು ವರ್ಷ ಅವರ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ಸೇರಿದ. ಬರೆಯುವ ಅಭ್ಯಾಸವನ್ನು ಆಮೇಲೂ ಬಿಡಲಿಲ್ಲ. ದಿನಚರಿಯ ಟಿಪ್ಪಣಿಗಳಿಗೆ ಕ್ರಮಸಂಖ್ಯೆ ಹಾಕುತ್ತಾ ಹೋಗಿ 16,000 ದಾಟಿಸಿದ! 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದರ ಎರಡು ಬದಿಗೆ ತಂತಿ ಸುತ್ತಿ, ಒಂದು ಬದಿಯನ್ನು ಬ್ಯಾಟರಿಗೆ ಜೋಡಿಸಿದ. ಇನ್ನೊಂದು ಬದಿಯ ತಂತಿಯ ಹತ್ತಿರವಿದ್ದ ಸೂಜಿ ಒಮ್ಮೆ ಅಲುಗಾಡಿ ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಅಲುಗಾಡಿತು. ನಡುವೆ ಕರೆಂಟು ಹರಿಯುತ್ತಲೇ ಇದ್ದರೂ ಸೂಜಿಗೆ ಏನೂ ಇಲ್ಲ. “ಯಾರೋ ಮೇಜಿಗೆ ತಾಗಿರಬೇಕು” ಅಂತ ಬಿಟ್ಟುಬಿಡಬಹುದಾಗಿದ್ದ ಸಂಗತಿ ಅಲ್ವಾ? ಅವನು ಬಿಡಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದ. ನೀವು ಹತ್ತನೇ ತರಗತಿಯಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆ ಅದೇ. ಜನರೇಟರು, ಟ್ರಾನ್ಸ್‌ಫಾರ್ಮರು ನಡೆಯುವುದೂ ಅದೇ ತತ್ವದಿಂದ.

ಬರೆಯುವ ಕ್ರಮದ ಬಗ್ಗೆ ಎರಡು ಮಾತು. ತಾರೀಕು, ಗಂಟೆ, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದು ಅಂಕಿಗಿಂತ ಮೊದಲು ಇರಲಿ. ಮನೆಗೆ ಬಂದು ಬರೆಯೋಣ ಅಂದುಕೊಂಡರೆ ಅರ್ಧ ಮರೆತಿರುತ್ತದೆ, ಹಾಗಾಗಿ ಅಲ್ಲೇ ನಿಂತು ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ, ಹಾಳೆ ಒದ್ದೆಯಾದರೂ ಅಡ್ಡಿಯಿಲ್ಲ, ಹರಿದು ಬಿಸಾಡಬೇಡಿ. ನೀವು ಕಂಡದ್ದು ಬೇರೆ, ಅಜ್ಜ ಹೇಳಿದ್ದು ಬೇರೆ. ಎರಡನ್ನೂ ಬರೆಯಿರಿ, ಬೆರಸಬೇಡಿ. ಅಜ್ಜ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದ ಪದವನ್ನು ಕೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಪಕ್ಕದಲ್ಲಿ ಹಾಕಿ. ಮುರಕಲ್ಲಿನ ಒಂದೊಂದು ಪದರಕ್ಕೂ ಸುರಂಗ ತೋಡುವವರ ಬಾಯಲ್ಲಿ ಹೆಸರಿರಬಹುದು, ಕೇಳಿ ನೋಡಿ.

ಇನ್ನು ವರದಿ. ಮೊಬೈಲಿನಲ್ಲಿ ಸಿಕ್ಕಿದ ಎರಡು ಪುಟವನ್ನು ಪೀಠಿಕೆಯಾಗಿ ಅಂಟಿಸಿದರೆ ನಿಮ್ಮ ಸುರಂಗ ಮೂರನೇ ಪುಟಕ್ಕೆ ಹೋಗುತ್ತದೆ. ಅದರ ಬದಲು ಮೊದಲ ವಾಕ್ಯದಲ್ಲೇ ಹೇಳಿ: ಯಾವ ಸುರಂಗ, ಎಂದಿನಿಂದ ಎಂದಿನವರೆಗೆ, ಎಷ್ಟು ಸಲ ಅಳೆದಿರಿ. ಬೇರೆಯವರಿಂದ ತಿಳಿದದ್ದಾದರೆ ಅವರ ಹೆಸರು ಹಾಕಿ. ಮೇಳದಲ್ಲಿ ಪ್ರಶ್ನೆ ಮಲಯಾಳದಲ್ಲಿ ಬಂದೀತು ಅಂತ ಹೆದರುವ ಮಕ್ಕಳಿದ್ದಾರೆ. ಕೈಯಲ್ಲಿ ಬಕೆಟು ಹಿಡಿದವರಿಗೆ ಹೇಳಲು ವಿಷಯ ಇರುತ್ತದೆ, ಮುರುಕು ಮಲಯಾಳದಲ್ಲಾದರೂ ಸಾಕು.

ಮಳೆ ನಿಂತ ವಾರದಿಂದಲೇ ಶುರು ಮಾಡಿ, ಭಾನುವಾರ ಬೆಳಿಗ್ಗೆ ಒಂದೇ ಹೊತ್ತಿಗೆ. ಮೇ ತಿಂಗಳಲ್ಲಿ ನೀರು ಪೂರ್ತಿ ನಿಂತರೆ ಆ ದಿನ 0 ಅಂತ ಬರೆಯಿರಿ, ಖಾಲಿ ಬಿಡಬೇಡಿ. ಮತ್ತೊಂದು ಮುಖ್ಯ ವಿಷಯ: ದೊಡ್ಡವರಿಲ್ಲದೆ ಯಾರೂ ಸುರಂಗದ ಒಳಗೆ ಹೋಗಬಾರದು. ಮಣ್ಣು ಕುಸಿಯಬಹುದು, ಹಾವಿರಬಹುದು, ಉಸಿರಾಡಲು ಗಾಳಿ ಸಾಲದೆ ಹೋಗಬಹುದು. ಈ ಅಳತೆಗೆ ಹೊರಗಿನ ದಂಬೆಯ ಬುಡವೇ ಸಾಕು.