ಬಟ್ಟಲು ಕೇಕು: ಕೂಡಿ ಕಲಿಯತಕ್ಕ ಒಂದು ಪಾಠ

ಅಡಿಗೆಯನ್ನು ಒಬ್ಬಳೇ ಮಾಡಬಲ್ಲವಳು ಜಾಣೆ. ನಾಲ್ವರೊಡನೆ ಕೂಡಿ ಮಾಡಬಲ್ಲವಳು ಇನ್ನೂ ಜಾಣೆ. ಈ ಎರಡನೆಯ ಜಾಣ್ಮೆಯನ್ನು ಪ್ರೌಢಶಾಲೆಯ ಬಾಲಿಕೆಯರಿಗೆ ಕಲಿಸಲು ಕಪ್ ಕೇಕು ತಕ್ಕ ಸಾಧನವು.

ಅಮೇರಿಕಾದ ಅಮೀಲಿಯ ಸಿಮನ್ಸ್ ಎಂಬಾಕೆಯು 1796ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿಯೇ ಚಿಕ್ಕ ಬಟ್ಟಲುಗಳಲ್ಲಿ ಬೇಯಿಸುವ ಕೇಕಿನ ವಿಧಾನವುಂಟು. ಮುಂದೆ ತಕ್ಕಡಿಗೆ ಬದಲಾಗಿ ಬಟ್ಟಲೇ ಅಳತೆಯೂ ಆಯಿತು. ಬೆಣ್ಣೆ 1 ಬಟ್ಟಲು, ಸಕ್ಕರೆ 2, ಹಿಟ್ಟು 3, ಮೊಟ್ಟೆ 4 ಎಂಬ ಸೂತ್ರವು ಬಾಯಿಪಾಠಕ್ಕೆ ಸುಲಭ. ಈಗ ಇದಕ್ಕೆ ಹಾಲನ್ನೂ ಬೇಕಿಂಗ್ ಪೌಡರನ್ನೂ ಸೇರಿಸುವರು.

ಒಬ್ಬಳು ಅಳೆಯಲಿ, ಒಬ್ಬಳು ಕಲಸಲಿ, ಒಬ್ಬಳು ಒಲೆಯನ್ನು ನೋಡಿಕೊಳ್ಳಲಿ, ಒಬ್ಬಳು ಪಾತ್ರೆ ತೊಳೆಯಲಿ. ಬೇಕಿಂಗ್ ಪೌಡರಿಗೆ ತೇವವೂ ಕಾವೂ ತಗಲಿದಾಗ ಇಂಗಾಲಾಮ್ಲ ವಾಯುವು ಹುಟ್ಟಿ ಹಿಟ್ಟನ್ನು ಉಬ್ಬಿಸುವುದು. ಆದುದರಿಂದ ಕಲಸಿದೊಡನೆ ಬಟ್ಟಲುಗಳ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಮೊದಲೇ ಕಾಯಿಸಿದ ಒಲೆಯಲ್ಲಿ 180 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಸುಮಾರು 20 ನಿಮಿಷ ಬೇಯಿಸತಕ್ಕದ್ದು. ಒಲೆಯವಳು ಮೈಮರೆತರೆ ಅಳೆದವಳ ಶ್ರಮವೂ ಕಲಸಿದವಳ ಶ್ರಮವೂ ವ್ಯರ್ಥವಾಗುವುದು.

ಮುಂದಿನ ಸಾರಿ ಕೆಲಸಗಳು ಕೈ ಬದಲಾಯಿಸಬೇಕು. ಕೇಕನ್ನು ಒಲೆಯಿಂದ ತೆಗೆದವಳಿಗೇ ಹೊಗಳಿಕೆಯೆಲ್ಲ ಸಂದು, ಪಾತ್ರೆ ತೊಳೆದವಳು ಮರೆತುಹೋದರೆ, ಕೇಕು ಬೆಂದಿತೇ ಹೊರತು ಪಾಠವು ಬೇಯಲಿಲ್ಲ. ತಾಯಂದಿರೇ, ಮಗಳು ಕೇಕನ್ನು ಮನೆಗೆ ತಂದ ದಿನ, ಪಾತ್ರೆ ತೊಳೆದವಳು ಯಾರೆಂದು ಕೇಳಿರಿ.