ಇವತ್ತಿನಷ್ಟು ಅಕ್ಕಿ

ನಮ್ಮ ಮನೆ ಸಿಂಧನೂರಿನಲ್ಲಿ, ನನ್ನ ಶಾಲೆ ಲಿಂಗಸುಗೂರಿನಲ್ಲಿ, ನಡುವೆ ಮಸ್ಕಿ. ಈ ಹಾದಿಯಲ್ಲಿ ದಿನಾ ಬಸ್ಸಿಗೆ ಓಡುವ ಹೆಣ್ಣುಮಕ್ಕಳಿಗೆ ಬೆಳಗಿನ ಗಡಿಬಿಡಿಯನ್ನು ಬಿಡಿಸಿ ಹೇಳಬೇಕಿಲ್ಲ. ಅತ್ತೆಗೆ ಲಕ್ವ ಹೊಡೆದ ಮೇಲೆ ನನ್ನ ಗಡಿಬಿಡಿ ಇಮ್ಮಡಿಯಾಯಿತು. ನಸುಕಿನಲ್ಲೆದ್ದು ರೊಟ್ಟಿ ಬಡಿಯಬೇಕು, ಅತ್ತೆಯ ಹಾಸಿಗೆ ಬದಲಿಸಬೇಕು, ಮಗಳಿಗೆ ಜಡೆ ಹಾಕಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಮ್ಮ ಹೊಲ. ರಾತ್ರಿಯೆಲ್ಲ ನೀರು ಕಾದು ಬಂದ ಗಂಡನಿಗೆ ಚಹಾ ಕೊಡಬೇಕು. ಭತ್ತಕ್ಕೆ ಮಾಡಿದ ಸಾಲದ ಕಂತು, ಮಗನ ಫೀಸು, ಶಾಲೆಯ ದಾಖಲೆಗಳು ಎಲ್ಲವೂ ನನ್ನ ಜತೆಗೇ ಬಸ್ಸು ಹತ್ತುತ್ತಿದ್ದವು.

ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ದೇವರ ಮ್ಯಾಲ ಭಾರ ಹಾಕವ್ವಾ." ಹೇಳಿದವರಲ್ಲಿ ಒಬ್ಬರೂ ಒಂದು ಕೊಡ ನೀರು ಎತ್ತಿ ಕೊಡಲಿಲ್ಲ, ಆ ಮಾತು ಬೇರೆ. ಸೋಮಲಾಪುರದ ಅಂಬಾಮಠಕ್ಕೆ ಹೋಗಿ ಹರಕೆ ಹೊತ್ತೆ. ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವಿ ಪುರಾಣ ಓದಲು ಕೂತೆ. ಅತ್ತೆ ಗಟ್ಟಿಯಿದ್ದಾಗ ವರ್ಷವೂ ಓದುತ್ತಿದ್ದ ಪುಸ್ತಕ. ಹಾಳೆ ಹಾಳೆಗೂ ಕುಂಕುಮ, ಎಣ್ಣೆಯ ಕಲೆ. ಆದರೆ ನನ್ನ ಪಾಲಿಗೆ ಅದೂ ಮುಗಿಸಬೇಕಾದ ಇನ್ನೊಂದು ಕೆಲಸವಾಯಿತು. ಒಂದು ರಾತ್ರಿ ಕಣ್ಣು ಎಳೆದು ಅಧ್ಯಾಯ ಅರ್ಧಕ್ಕೇ ನಿಂತಿತು, ಅಳು ಬಂತು. ಅತ್ತೆ ಮಲಗಿದ್ದಲ್ಲಿಂದಲೇ ತೊದಲುತ್ತ ಅಂದರು: "ಮುಚ್ಚಿಡವ್ವಾ. ತಾಯಿ ಎಲ್ಲಿಗಿ ಹೋಗ್ತಾಳ? ನಾಳಿಂದು ನಾಳಿ ಓದು."

ಆ ಮಾತಿಗೆ ನನಗೊಂದು ಹಳೆಯ ಕಥೆ ನೆನಪಾಯಿತು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಊರು. ಕಲ್ಯಾಣಕ್ಕೆ ಹೋಗಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸಿದವರು. ಒಮ್ಮೆ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪ್ರವಚನಕಾರರು ಅದನ್ನು ದುರಾಸೆ ಬೇಡ ಎನ್ನಲು ಹೇಳುತ್ತಾರೆ. ಸರಿಯೇ. ಅತ್ತೆಯ ಮಾತು ಕೇಳಿದ ಮೇಲೆ ನನಗೆ ಮಾತ್ರ ಲಕ್ಕಮ್ಮ ಚಿಂತೆಯನ್ನೇ ವಾಪಸು ಕಳಿಸಿದಂತೆ ಕಂಡಿತು. ನಾಳಿನ ಅಕ್ಕಿ ಮನೆಗೆ ಬಂದರೆ ಅದನ್ನು ಕಾಯುವ ಕೆಲಸ ಇವತ್ತೇ ಶುರುವಾಗುತ್ತದಲ್ಲ!

ಈಗ ಮಸ್ಕಿಯ ಮಲ್ಲಿಕಾರ್ಜುನ ಬೆಟ್ಟ ಕಂಡಾಗ ಬಸ್ಸಿನಲ್ಲೇ ಕೈಮುಗಿದು ಆ ದಿನದ ಕೆಲಸಗಳನ್ನಷ್ಟೇ ಹೇಳಿಕೊಳ್ಳುತ್ತೇನೆ. ಇಷ್ಟಕ್ಕೆ ಶಕ್ತಿ ಕೊಡು ತಂದೆ, ಕಂತಿನ ಮಾತು ಕಂತಿನ ದಿನ. ಮಡಿಯಿಲ್ಲ, ಆರತಿಯಿಲ್ಲ, ಪಕ್ಕದಲ್ಲಿ ಯಾರದೋ ಮೊಬೈಲಿನ ಹಾಡು. ಇಂಥ ಅರ್ಧಂಬರ್ಧ ಪ್ರಾರ್ಥನೆ ದೇವರಿಗೆ ಮುಟ್ಟೀತೇ ಎಂಬ ಅಳುಕು ಮೊದಮೊದಲು ಇತ್ತು. ಇದೇ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಂಡ ಶಾಸನವಿದೆ. ಅದರಲ್ಲಿ ಅಶೋಕನ ಹೆಸರಿರುವುದನ್ನು ಮಕ್ಕಳಿಗೆ ಪಾಠ ಮಾಡುತ್ತೇವೆ. ಅದು ಹೇಳುವುದೇನೆಂದು ಮಾತ್ರ ಯಾರೂ ಕೇಳುವುದಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಡೆವ ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತದೆ ಆ ಕಲ್ಲು. ನನ್ನ ಅಳುಕಿಗೆ ಅಷ್ಟು ಸಾಕಾಯಿತು.

ಕೆಲಸವೇನೂ ಕಡಿಮೆಯಾಗಲಿಲ್ಲ. ಅತ್ತೆಯ ಬಲಗೈ ಇನ್ನೂ ಏಳುವುದಿಲ್ಲ, ಕಾಲುವೆ ನೀರು ನಮ್ಮ ಹೊಲಕ್ಕೆ ಬರುವುದು ಇವತ್ತಿಗೂ ಎಲ್ಲರಿಗಿಂತ ಕೊನೆಗೆ. ಆದರೆ ದಿನಾ ದೇವರ ಮುಂದೆ ಎಣಿಸಿ ಹೇಳುವ ರೂಢಿಯಿಂದ, ಯಾವುದು ನಾನೊಬ್ಬಳೇ ಮಾಡಬೇಕಾದ ಕೆಲಸವಲ್ಲ ಎಂಬುದೂ ತಿಳಿಯತೊಡಗಿತು. ಅಜ್ಜಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆ ದುಪ್ಪಟಿ ಸುತ್ತುತ್ತ ಬೆನ್ನ ಹಿಂದೆಯೇ ಹೊಸದನ್ನು ಹಾಸುವುದನ್ನು ಮಗ ಕಲಿತ. ಈಗ ಆ ಕೆಲಸ ಅವನದು. ಚಹಾ ಕಾಸುವುದು ಗಂಡನದು.

ನಿಮ್ಮ ಮನೆಯ ಹೆಣ್ಣುಮಗಳು ದೇವರ ಮುಂದೆ ಕೊಂಚ ಹೊತ್ತು ಕಣ್ಣು ಮುಚ್ಚಿ ಕೂತರೆ ದಯವಿಟ್ಟು ಕರೆಯಬೇಡಿ. ಒಲೆಯ ಮೇಲಿನ ಹಾಲನ್ನು ನೀವೇ ನೋಡಿಕೊಳ್ಳಿ.